ಅಂತೆಯಿಂದ ಆಧಾರದವರೆಗೆ: ಮನೆತನದ ಇತಿಹಾಸ ಹುಡುಕುವುದು ಹೇಗೆ?

ನಮ್ಮ ಮನೆಯಲ್ಲಿ ಒಂದು ಹಳೇ ತಗಡಿನ ಡಬ್ಬಿ ಇದೆ. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪದಕ. ಪದಕದ ಜೊತೆಗೇ ಒಂದು ಕಥೆಯೂ ಬಂದಿದೆ. ನಮ್ಮ ಮುತ್ತಜ್ಜ ಕುದುರೆ ದಂಡಿನಲ್ಲಿದ್ದರಂತೆ. ಮೊದಲ ಮಹಾಯುದ್ಧಕ್ಕೆ ಕಡಲು ದಾಟಿ ಹೋಗಿದ್ದರಂತೆ. ಅಲ್ಲಿ ರಾಜನ ಪ್ರಾಣ ಉಳಿಸಿದರಂತೆ. ರಾಜ ಮೆಚ್ಚಿ, ಯುದ್ಧಭೂಮಿಯಲ್ಲೇ ತನ್ನ ಕೈಯಾರೆ ಅವರ ಎದೆಗೆ ಈ ಪದಕ ಸಿಕ್ಕಿಸಿದನಂತೆ.

ಎಷ್ಟು ‘ಅಂತೆ’ ಬಂತು ನೋಡಿ. ಕನ್ನಡದಲ್ಲಿ ನಮಗೆ ಇದೊಂದು ಅನುಕೂಲ. ಕಂಡಿದ್ದಕ್ಕೆ ‘ಹೋದರು’ ಅನ್ನುತ್ತೇವೆ, ಕೇಳಿದ್ದಕ್ಕೆ ‘ಹೋದರಂತೆ’ ಅನ್ನುತ್ತೇವೆ. ಆದರೆ ಕಥೆ ಬಾಯಿಂದ ಬಾಯಿಗೆ ಹೋಗುವಾಗ ಎಲ್ಲೋ ಒಂದು ಕಡೆ ಈ ‘ಅಂತೆ’ ಉದುರಿಹೋಗುತ್ತದೆ. ಅತ್ತೆ ನನಗೆ ಕಥೆ ಹೇಳಿದಾಗ ‘ಅಂತೆ’ ಇತ್ತು. ನಾನು ಶಾಲೆಯಲ್ಲಿ ಗೆಳೆಯರಿಗೆ ಹೇಳಿದಾಗ ಇರಲಿಲ್ಲ.

ಮನೆತನದ ಇತಿಹಾಸ ಹುಡುಕುವುದು ಅಂದರೆ ಮೊದಲು ಉದುರಿದ ‘ಅಂತೆ’ಗಳನ್ನು ವಾಪಸ್ ಅಂಟಿಸುವುದು. ಆಮೇಲೆ ಆಧಾರ ಸಿಕ್ಕ ಕಡೆ ಮಾತ್ರ ಒಂದೊಂದಾಗಿ ತೆಗೆಯುವುದು. ಇದನ್ನು ಹೇಗೆ ಮಾಡಬಹುದು ಅಂತ ನಾನು ಕಲಿತಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ನಿಮ್ಮಿಂದಲೇ ಶುರು ಮಾಡಿ

ಬಹಳ ಜನ ಮೂಲಪುರುಷನಿಂದ ಶುರು ಮಾಡುತ್ತಾರೆ. ಯಾರೋ ಒಬ್ಬ ಹೆಸರುವಾಸಿ ವ್ಯಕ್ತಿಯನ್ನು ಹಿಡಿದು, ಅಲ್ಲಿಂದ ತಮ್ಮವರೆಗೆ ದಾರಿ ಹುಡುಕುತ್ತಾರೆ. ಹಾಗೆ ಹೊರಟರೆ ದಾರಿ ಸಿಕ್ಕೇ ಸಿಗುತ್ತದೆ, ಯಾಕೆಂದರೆ ಸಿಗಬೇಕು ಅಂತ ಮೊದಲೇ ಮನಸ್ಸು ಮಾಡಿರುತ್ತೇವೆ. ದಯವಿಟ್ಟು ಹೀಗೆ ಮಾಡಬೇಡಿ.

ಒಂದು ಹಾಳೆಯಲ್ಲಿ ನಿಮ್ಮ ಹೆಸರು ಬರೆಯಿರಿ. ಮೇಲೆ ಅಪ್ಪ, ಅಮ್ಮ. ಅವರ ಮೇಲೆ ನಾಲ್ಕು ಜನ ಅಜ್ಜ ಅಜ್ಜಿಯರು. ಪ್ರತಿಯೊಬ್ಬರಿಗೂ ಹುಟ್ಟು, ಮದುವೆ, ಸಾವು, ಊರು, ಕಸುಬು. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಮುಖ್ಯವಾದ ಮಾತು ಏನೆಂದರೆ, ಪ್ರತಿ ಸಾಲಿನ ಪಕ್ಕ ‘ಇದು ನನಗೆ ಹೇಗೆ ಗೊತ್ತು’ ಅಂತ ಬರೆಯಬೇಕು. ‘ಅಮ್ಮ ಹೇಳಿದ್ದು’, ‘ಶಾಲೆ ಸರ್ಟಿಫಿಕೇಟಿನಲ್ಲಿ ಇದೆ’, ‘ಅಂದಾಜು’. ಈ ಒಂದು ಅಭ್ಯಾಸ ಇದ್ದರೆ ಮುಂದಿನ ಅರ್ಧ ಕಷ್ಟ ಕಡಿಮೆ.

ಹಾಳೆ ತುಂಬುವಾಗ ಒಂದು ವಿಷಯ ಎದ್ದು ಕಾಣುತ್ತದೆ. ಅಪ್ಪನ ಅಪ್ಪನ ಅಪ್ಪನ ಹೆಸರು ಗೊತ್ತಿರುತ್ತದೆ, ಅಮ್ಮನ ಅಮ್ಮನ ಅಮ್ಮನ ಹೆಸರು ಗೊತ್ತಿರುವುದಿಲ್ಲ. ಹೆಂಗಸರ ಹೆಸರು ಬೇಗ ಕಳೆದುಹೋಗುತ್ತದೆ. ಮದುವೆಯಾದಾಗ ಹೆಸರು ಬದಲಾಗಿರುತ್ತದೆ, ದಾಖಲೆಯಲ್ಲಿ ‘ಇಂಥವರ ಹೆಂಡತಿ’ ಅಂತಷ್ಟೇ ಇರುತ್ತದೆ. ಅದಕ್ಕೇ ಈ ಹೆಸರುಗಳನ್ನು ಮೊದಲು ಕೇಳಿಟ್ಟುಕೊಳ್ಳಿ. ಗಂಡಸರ ಹೆಸರು ಕಾಗದದಲ್ಲಿ ಎಲ್ಲಾದರೂ ಸಿಗಬಹುದು, ಇವು ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ.

ಹಂತ 2: ಹಿರಿಯರ ಜೊತೆ ಕೂತು ಮಾತಾಡಿ

ದಾಖಲೆಗಳು ನಾಳೆಯೂ ಇರುತ್ತವೆ. ತೊಂಬತ್ತು ವರ್ಷದ ಅಜ್ಜಿಯ ನೆನಪು ನಾಳೆ ಇರುತ್ತದೆ ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಉಳಿದ ಎಲ್ಲ ಕೆಲಸಕ್ಕೂ ಮುಂಚೆ ಇದು.

ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದು ಹಳೇ ಫೋಟೋ ಅಥವಾ ಮನೆಯ ವಸ್ತುವನ್ನು ಕೈಗೆ ಕೊಟ್ಟು ಮಾತು ಶುರು ಮಾಡಿ. ‘ಯಾವ ಇಸವಿ?’ ಅಂತ ಕೇಳಿದರೆ ಜಾಸ್ತಿ ಜನ ತಡವರಿಸುತ್ತಾರೆ, ಇಲ್ಲವೇ ಸುಮ್ನೆ ಒಂದು ಇಸವಿ ಹೇಳಿಬಿಡುತ್ತಾರೆ. ‘ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ?’, ‘ಆಗ ತಮ್ಮ ಹುಟ್ಟಿದ್ದನಾ?’ ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಮನುಷ್ಯರ ನೆನಪು ಕ್ಯಾಲೆಂಡರ್ ಹಿಡಿದು ನಡೆಯುವುದಿಲ್ಲ, ಹುಟ್ಟು ಸಾವು ಮದುವೆ ಹಿಡಿದು ನಡೆಯುತ್ತದೆ.

ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ‘ಮುತ್ತಜ್ಜ ಸೈನಿಕರಾಗಿದ್ದರು ಅಲ್ವಾ?’ ಅಂದರೆ ‘ಹೂಂ’ ಅನ್ನುತ್ತಾರೆ. ‘ಮುತ್ತಜ್ಜ ಏನು ಕೆಲಸ ಮಾಡುತ್ತಿದ್ದರು?’ ಅಂತ ಕೇಳಿ ಸುಮ್ಮನೆ ಕಾಯಿರಿ. ತಪ್ಪು ಹೇಳಿದರು ಅನ್ನಿಸಿದರೂ ತಿದ್ದಬೇಡಿ.

ಸಂಬಂಧದ ಪದಗಳ ಬಗ್ಗೆ ಎಚ್ಚರ ಬೇಕು. ನಾವು ಅಜ್ಜ ಅಂತ ಕರೆಯುವವರು ಅಪ್ಪನ ಅಪ್ಪನೇ ಆಗಿರಬೇಕಿಲ್ಲ. ಅಜ್ಜನ ತಮ್ಮನೂ ಅಜ್ಜ, ಪಕ್ಕದ ಮನೆ ಹಿರಿಯರೂ ಅಜ್ಜ. ಅಣ್ಣ ಅಂದರೆ ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ? ಪ್ರತಿ ಸಲ ಬಿಡಿಸಿ ಕೇಳಿ. ಎಷ್ಟೋ ವಂಶವೃಕ್ಷಗಳಲ್ಲಿ ಚಿಕ್ಕಜ್ಜನ ಸಾಹಸ ಸ್ವಂತ ಅಜ್ಜನ ಹೆಸರಿಗೆ ಏರಿರುವುದು ಹೀಗೇ.

ಕಥೆಯ ಕೊನೆಗೆ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: ‘ಇದನ್ನು ನಿಮಗೆ ಯಾರು ಹೇಳಿದರು?’ ಮೂರು ಜನ ಒಂದೇ ಕಥೆ ಹೇಳಿದರೆ ಮೂರು ಸಾಕ್ಷಿ ಸಿಕ್ಕಿತು ಅನ್ನಿಸುತ್ತದೆ. ಮೂವರೂ ಒಬ್ಬ ಅಜ್ಜಿಯಿಂದಲೇ ಕೇಳಿದ್ದರೆ ಸಾಕ್ಷಿ ಒಂದೇ. ಬೇರೆ ಬೇರೆ ಮನೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗ ಹೇಳಿಕೆಗಳು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಅಂತ ಗುರುತು ಹಾಕಿ. ಹೊಂದದ ಜಾಗದಲ್ಲೇ ಹೆಚ್ಚಾಗಿ ಕಥೆ ಬೆಳೆದಿರುತ್ತದೆ.

ಹಂತ 3: ಮನೆಯಲ್ಲಿರುವ ವಸ್ತುಗಳನ್ನು ಓದಿ

ಫೋಟೋ, ಕಾಗದ, ಆಸ್ತಿ ಪತ್ರ, ಉಯಿಲು, ಪುಸ್ತಕದ ಮೊದಲ ಪುಟದ ಸಹಿ, ಪಾತ್ರೆ ಮೇಲೆ ಕೆತ್ತಿಸಿದ ಹೆಸರು, ಹಳೇ ಪಾಸ್‌ಪೋರ್ಟ್, ಪದಕ. ಫೋಟೋಗಳ ಹಿಂಭಾಗವನ್ನು ಮೊದಲು ನೋಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್ ಬರಹ, ಅಂಚೆ ಗುರುತು ಇರಬಹುದು. ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡಿ, ಇದ್ದ ಹಾಗೇ ಸ್ಕ್ಯಾನ್ ಮಾಡಿ.

ಈಗ ನಮ್ಮ ಪದಕದ ವಿಷಯಕ್ಕೆ ಬರುತ್ತೇನೆ. ಅದನ್ನು ತಿಕ್ಕಿ ತೊಳೆದು ಫಳಫಳ ಮಾಡಬೇಕು ಅನ್ನಿಸಿತ್ತು. ಮಾಡದಿದ್ದದ್ದು ಪುಣ್ಯ, ಪಾಲಿಶ್ ಮಾಡಿದರೆ ಅಂಚಿನ ಅಕ್ಷರ ಸವೆದುಹೋಗುತ್ತದೆ. ಒಂದು ರಾತ್ರಿ ದೀಪ ಆರಿಸಿ, ಟಾರ್ಚನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಓರೆ ಬೆಳಕಿನಲ್ಲಿ ಪದಕವನ್ನು ನಿಧಾನಕ್ಕೆ ತಿರುಗಿಸಿದೆ. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಯಲ್ಲಿ ಕುದುರೆ ಏರಿದ ಮನುಷ್ಯ, 1914, 1918. ಇದು ಬ್ರಿಟಿಷ್ ಸರ್ಕಾರ ಲಕ್ಷಾಂತರ ಜನರಿಗೆ ಕೊಟ್ಟ ಯುದ್ಧ ಪದಕ. ಅಂಚಿನ ಸುತ್ತ ಸಣ್ಣ ಅಕ್ಷರಗಳು: ಒಂದು ಸಂಖ್ಯೆ, ಮುತ್ತಜ್ಜನ ಹೆಸರು, ಆಮೇಲೆ ‘ಲೇಬರ್ ಕೋರ್’ (ಕಾರ್ಮಿಕ ದಳ) ಅನ್ನುವುದರ ಮೊಟಕು ರೂಪ.

ಮತ್ತೊಂದು ವಿಷಯ. ಈ ಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟಿದ್ದರು. ನಮ್ಮದು ಕಂಚಿನದು. ಕಂಚಿನ ಪದಕ ಭಾರತ, ಚೀನಾ, ಮಾಲ್ಟಾ ಮುಂತಾದ ಕಡೆಯ ಕಾರ್ಮಿಕ ದಳಗಳಿಗೆ ಸಿಕ್ಕಿದ್ದು. ರಸ್ತೆ ಹಾಕಿದವರು, ಕಂದಕ ತೋಡಿದವರು, ಮರ ಕಡಿದವರು, ಹೊರೆ ಹೊತ್ತವರು.

ಆ ರಾತ್ರಿ ನಾನು ಬಹಳ ಹೊತ್ತು ಪದಕ ಹಿಡಿದೇ ಕೂತಿದ್ದೆ. ಕಥೆಯಲ್ಲಿದ್ದ ರಾಜ ಪದಕದ ಒಂದು ಬದಿಯಲ್ಲಿದ್ದ. ಕಥೆಯಲ್ಲಿದ್ದ ಕುದುರೆ ಇನ್ನೊಂದು ಬದಿಯಲ್ಲಿತ್ತು. ಓದಲು ಬಾರದ ಮನೆಯವರು ಆ ಚಿತ್ರಗಳನ್ನೇ ಓದಿ ಕಥೆ ಕಟ್ಟಿಕೊಂಡಿದ್ದರು ಅಂತ ನನಗೆ ಅನ್ನಿಸುತ್ತದೆ. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ.

ಹಂತ 4: ಕಥೆಯನ್ನು ಚೂರು ಚೂರಾಗಿ ಬಿಡಿಸಿ

‘ಈ ಕಥೆ ನಿಜವೋ ಸುಳ್ಳೋ?’ ಅಂತ ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ಕಥೆಯಲ್ಲಿ ಐದಾರು ಬೇರೆ ಬೇರೆ ಮಾತುಗಳು ಸೇರಿಕೊಂಡಿರುತ್ತವೆ. ಒಂದು ನಿಜವಾಗಿ ಇನ್ನೊಂದು ಸುಳ್ಳಾಗಿರಬಹುದು. ನಮ್ಮ ಕಥೆಯನ್ನು ಹೀಗೆ ಬಿಡಿಸಿದೆ:

- ಮುತ್ತಜ್ಜ ಮೊದಲ ಮಹಾಯುದ್ಧದ ಕೆಲಸಕ್ಕೆ ಸೇರಿದ್ದರು.
- ಕಡಲು ದಾಟಿದ್ದರು.
- ಕುದುರೆ ದಂಡಿನಲ್ಲಿದ್ದರು.
- ರಾಜನ ಪ್ರಾಣ ಉಳಿಸಿದರು.
- ರಾಜ ಯುದ್ಧಭೂಮಿಯಲ್ಲೇ ಪದಕ ಕೊಟ್ಟ.

ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಇದು ನಿಜವಾಗಿದ್ದರೆ ಯಾವ ಗುರುತು ಉಳಿದಿರಬೇಕು? ಮೊದಲನೆಯದಕ್ಕೆ ಪದಕದ ಅಂಚೇ ಸಾಕ್ಷಿ. ಮೂರನೆಯದಕ್ಕೆ ಅದೇ ಅಂಚು ವಿರುದ್ಧ ಸಾಕ್ಷಿ. ಐದನೆಯದು ಕಾಲದ ಲೆಕ್ಕದಲ್ಲೇ ಬಿದ್ದುಹೋಯಿತು. ಈ ಪದಕವನ್ನು ಸ್ಥಾಪಿಸಿದ್ದೇ 1919ರಲ್ಲಿ, ಯುದ್ಧ ಮುಗಿದ ಮೇಲೆ. ನಾಲ್ಕನೆಯದು ಸ್ವಲ್ಪ ಬೇರೆ. ಐದನೇ ಜಾರ್ಜ್ ಯುದ್ಧದ ಸಮಯದಲ್ಲಿ ಫ್ರಾನ್ಸಿಗೆ ಹಲವು ಸಲ ಹೋಗಿದ್ದು ನಿಜ. ಮುತ್ತಜ್ಜ ದೂರದಿಂದ ಅವನನ್ನು ನೋಡಿರಲೂಬಹುದು. ಆದರೆ ‘ಆಗಿರಬಹುದು’ ಬೇರೆ, ‘ಆಗಿದೆ’ ಬೇರೆ. ಈ ಎರಡರ ನಡುವಿನ ಗೆರೆ ಅಳಿಸಿಹೋಗಲು ಬಿಡಬೇಡಿ.

ಕಾಲದ ಲೆಕ್ಕ ಬಹಳ ಸುಲಭದ ಪರೀಕ್ಷೆ, ಖರ್ಚೂ ಇಲ್ಲ. ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಅದಕ್ಕೂ ಮುಂಚೆ ತೀರಿಕೊಂಡವರ ‘ಫೋಟೋ’ ಮನೆಯಲ್ಲಿದ್ದರೆ ಅದು ಬೇರೆ ಯಾರದೋ. ಅಂಟಿಸುವ ಅಂಚೆ ಚೀಟಿ ಬಂದಿದ್ದು 1840ರಲ್ಲಿ. ಕಥೆಯಲ್ಲಿ ರೈಲು ಬಂದರೆ ಆ ಊರಿಗೆ ರೈಲು ಯಾವಾಗ ಬಂತು ನೋಡಿ.

ತಲೆಮಾರಿನ ಲೆಕ್ಕವೂ ಹಾಗೇ. ಒಂದು ತಲೆಮಾರಿಗೆ ಸರಾಸರಿ 25ರಿಂದ 30 ವರ್ಷ ಹಿಡಿಯಿರಿ. ‘ನಮ್ಮ ಅಜ್ಜನ ಮುತ್ತಜ್ಜ 400 ವರ್ಷದ ಹಿಂದೆ ಇಲ್ಲಿಗೆ ಬಂದರು’ ಅನ್ನುವ ಮಾತು ತೆಗೆದುಕೊಳ್ಳಿ. ಅಜ್ಜನ ಮುತ್ತಜ್ಜ ನಿಮಗಿಂತ ಐದು ತಲೆಮಾರು ಮೇಲೆ. ಅಂದರೆ ಸುಮಾರು 125ರಿಂದ 150 ವರ್ಷ. 400 ವರ್ಷಕ್ಕೆ ಹದಿನಾಲ್ಕು ತಲೆಮಾರಾದರೂ ಬೇಕು. ಹಾಗಾದರೆ ಒಂದೋ ಇಸವಿ ತಪ್ಪು, ಇಲ್ಲವೇ ನಡುವಿನ ಎಂಟೊಂಬತ್ತು ಹೆಸರು ಕಾಣೆಯಾಗಿವೆ. ಬಾಯಿಮಾತಿನ ವಂಶಾವಳಿಗಳಲ್ಲಿ ಇದು ಬಹಳ ಸಾಮಾನ್ಯ. ಮೂಲಪುರುಷ ನೆನಪಿರುತ್ತಾನೆ, ಹತ್ತಿರದ ಮೂರ್ನಾಲ್ಕು ತಲೆಮಾರು ನೆನಪಿರುತ್ತದೆ, ನಡುವಿನವರು ಕರಗಿಹೋಗುತ್ತಾರೆ.

ಹಂತ 5: ದಾಖಲೆಗೆ ಹೋಗಿ, ಆದರೆ ದಾಖಲೆಯನ್ನೂ ಪ್ರಶ್ನಿಸಿ

ಜನನ ಮರಣ ನೋಂದಣಿ, ಜನಗಣತಿ, ಜಮೀನು ಮತ್ತು ತೆರಿಗೆ ಪುಸ್ತಕ, ಕೋರ್ಟ್ ಕಡತ, ಶಾಲೆಯ ರಿಜಿಸ್ಟರ್, ಹಡಗಿನ ಪ್ರಯಾಣಿಕರ ಪಟ್ಟಿ, ಸೈನ್ಯದ ಕಡತ, ಪ್ರಾರ್ಥನಾ ಮಂದಿರಗಳ ಪುಸ್ತಕ, ಸಮಾಧಿ ಕಲ್ಲು. ಹುಡುಕುವ ಮೊದಲು ಆ ದೇಶದಲ್ಲಿ ಆ ದಾಖಲೆ ಯಾವಾಗ ಶುರುವಾಯಿತು ಅಂತ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲಿ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕು ಅಂತ ಆಜ್ಞೆಯಾಗಿದ್ದು 1538ರಲ್ಲಿ, ಸರ್ಕಾರಿ ನೋಂದಣಿ ಶುರುವಾಗಿದ್ದು 1837ರಲ್ಲಿ. ಫ್ರಾನ್ಸಿನಲ್ಲಿ ಸರ್ಕಾರಿ ನೋಂದಣಿ 1792ರಿಂದ. ಶುರುವಾಗುವ ಮುಂಚಿನ ದಾಖಲೆಗೆ ಅಲೆದು ‘ಸಿಗಲಿಲ್ಲ’ ಅನ್ನುವುದರಲ್ಲಿ ಅರ್ಥವಿಲ್ಲ.

ಇದ್ದ ದಾಖಲೆಯೂ ಸುಟ್ಟುಹೋಗಿರಬಹುದು. ಐರ್ಲೆಂಡಿನ ಸಾರ್ವಜನಿಕ ದಾಖಲೆ ಕಚೇರಿ 1922ರ ಜೂನ್‌ನಲ್ಲಿ ಅಂತರ್ಯುದ್ಧದ ಬೆಂಕಿಗೆ ಬಿತ್ತು, ಶತಮಾನಗಳ ಕಾಗದ ಬೂದಿಯಾಯಿತು. ಅಮೆರಿಕದ 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರ ಬಾಂಬ್ ದಾಳಿಗೆ ಹೋದವು. ದಾಖಲೆ ಸಿಗಲಿಲ್ಲ ಅಂದ ಮಾತ್ರಕ್ಕೆ ಮನುಷ್ಯ ಇರಲೇ ಇಲ್ಲ ಅನ್ನಬೇಡಿ. ಒಂದು ಬಾಗಿಲು ಮುಚ್ಚಿದ್ದರೆ ಪಕ್ಕದವರ ಮೂಲಕ ಹೋಗಿ: ಅಣ್ಣ ತಮ್ಮಂದಿರು, ನೆರೆಯವರು, ಜೊತೆಗೆ ಹಡಗು ಹತ್ತಿದವರು, ಪತ್ರಕ್ಕೆ ಸಾಕ್ಷಿ ಹಾಕಿದವರು. ಊರು ಬಿಡುವ ಜನ ಒಬ್ಬೊಬ್ಬರೇ ಹೋಗುವುದು ಕಡಿಮೆ.

ದಾಖಲೆ ಸಿಕ್ಕಾಗ ಮೂರು ಪ್ರಶ್ನೆ ಕೇಳಿ. ಬರೆದವರು ಯಾರು? ಹೇಳಿದವರು ಯಾರು? ಘಟನೆಯಾಗಿ ಎಷ್ಟು ದಿನಕ್ಕೆ ಬರೆದರು? ಒಂದೇ ಕಾಗದದಲ್ಲಿ ಗಟ್ಟಿ ಮಾಹಿತಿಯೂ ಟೊಳ್ಳು ಮಾಹಿತಿಯೂ ಇರುತ್ತದೆ. ಮರಣ ಪತ್ರದಲ್ಲಿ ಸತ್ತ ದಿನ ಸಾಮಾನ್ಯವಾಗಿ ಸರಿ ಇರುತ್ತದೆ. ಅದೇ ಪತ್ರದಲ್ಲಿರುವ ಹುಟ್ಟಿದ ದಿನ ಅಳಿಯನೋ ಮೊಮ್ಮಗನೋ ಅಂದಾಜಿಗೆ ಹೇಳಿದ್ದಿರಬಹುದು. ಹರಿದ್ವಾರದ ಪಂಡರು, ಅಂದರೆ ಅಲ್ಲಿನ ತೀರ್ಥಕ್ಷೇತ್ರದ ಪುರೋಹಿತರು, ಬರೆದಿಟ್ಟ ವಹಿ ಪುಸ್ತಕಗಳಲ್ಲಿ, ಚೀನಾದ ಜಿಯಾಪು ಎಂಬ ವಂಶಾವಳಿ ಪುಸ್ತಕಗಳಲ್ಲಿ ಎಷ್ಟೋ ತಲೆಮಾರಿನ ಹೆಸರು ಸಿಗುತ್ತವೆ. ಅವು ದೊಡ್ಡ ನಿಧಿ. ಅಲ್ಲೂ ಇದೇ ಪ್ರಶ್ನೆ: ಎದುರಿಗೆ ನಿಂತು ಬರೆಸಿದವರ ಕಾಲದ ಮಾಹಿತಿ ಗಟ್ಟಿ, ಅವರು ನೆನಪಿನಿಂದ ಹೇಳಿದ ಹಳೇ ಹೆಸರುಗಳು ಅಷ್ಟು ಗಟ್ಟಿಯಲ್ಲ.

ವಯಸ್ಸಿನ ವಿಷಯದಲ್ಲಂತೂ ಜನಗಣತಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಹಳೇ ಗಣತಿಗಳಲ್ಲಿ 30, 35, 40, 50 ವಯಸ್ಸಿನವರು ವಿಪರೀತ ಜಾಸ್ತಿ ಸಿಗುತ್ತಾರೆ, 41 ವಯಸ್ಸಿನವರು ಕಡಿಮೆ. ಜನ ಅಂದಾಜು ಹೇಳುತ್ತಿದ್ದರು, ಗುಮಾಸ್ತರು ಅದನ್ನೇ ಬರೆದುಕೊಳ್ಳುತ್ತಿದ್ದರು.

ದಿನಾಂಕದಲ್ಲಿ ಇನ್ನೊಂದು ತೊಡಕಿದೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದ ದಿನ 1731ರ ಫೆಬ್ರವರಿ 11. ಈಗ ಎಲ್ಲರೂ ಹೇಳುವುದು 1732ರ ಫೆಬ್ರವರಿ 22. ಎರಡೂ ಸರಿ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಕ್ಯಾಲೆಂಡರ್ ಬದಲಿಸಿದವು. ಹನ್ನೊಂದು ದಿನ ಹಾರಿಹೋದವು, ಜೊತೆಗೆ ಹೊಸ ವರ್ಷ ಮಾರ್ಚ್ 25ರಿಂದ ಜನವರಿ 1ಕ್ಕೆ ಬಂತು. ರಷ್ಯಾ ಬದಲಿಸಿದ್ದು 1918ರಲ್ಲಿ. ಎರಡು ಕಾಗದದಲ್ಲಿ ಎರಡು ದಿನಾಂಕ ಕಂಡರೆ ‘ಯಾವುದು ಸುಳ್ಳು’ ಅಂತ ಕೇಳುವ ಮೊದಲು ‘ಯಾವ ಕ್ಯಾಲೆಂಡರ್’ ಅಂತ ಕೇಳಿ.

ಹಂತ 6: ಜಗತ್ತಿನಲ್ಲೆಲ್ಲ ಓಡಾಡುವ ಕಥೆಗಳನ್ನು ಗುರುತಿಸಿ

ಕೆಲವು ಕಥೆಗಳು ಎಷ್ಟು ಮನೆಗಳಲ್ಲಿ ಕೇಳಿಬರುತ್ತವೆ ಅಂದರೆ, ಕೇಳಿದ ತಕ್ಷಣ ಒಂದು ಹೆಜ್ಜೆ ಹಿಂದೆ ಸರಿದು ನೋಡಬೇಕು.

ಮೊದಲನೆಯದು ಮೂವರು ಅಣ್ಣತಮ್ಮಂದಿರ ಕಥೆ. ‘ಮೂವರು ಒಟ್ಟಿಗೆ ಹೊರಟರು, ಒಬ್ಬ ಇಲ್ಲಿ ನಿಂತ, ಒಬ್ಬ ಆ ಕಡೆ ಹೋದ, ಮೂರನೆಯವನು ಏನಾದ ಅಂತ ಗೊತ್ತಿಲ್ಲ.’ ಒಂದೇ ಮನೆತನದ ಹೆಸರು ಬೇರೆ ಬೇರೆ ಊರುಗಳಲ್ಲಿ ಯಾಕಿದೆ ಅನ್ನುವುದಕ್ಕೆ ಇದು ಸಲೀಸಾದ ವಿವರಣೆ. ನಿಜವಾಗಿ ಮೂವರು ಹೊರಟ ಮನೆಗಳೂ ಇವೆ. ಆದರೆ ಒಬ್ಬೊಬ್ಬ ಅಣ್ಣನಿಗೂ ಬೇರೆ ಬೇರೆಯಾಗಿ ಆಧಾರ ಸಿಗುವವರೆಗೆ ‘ಅಂತೆ’ ತೆಗೆಯಬೇಡಿ.

ಎರಡನೆಯದು ‘ಬಂದರಿನ ಅಧಿಕಾರಿ ನಮ್ಮ ಹೆಸರು ಬದಲಾಯಿಸಿದ’ ಅನ್ನುವುದು. ಅಮೆರಿಕಕ್ಕೆ ಹೋದ ಕುಟುಂಬಗಳಲ್ಲಿ ಇದು ಬಹಳ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲ್ಯಾಂಡ್ ವಲಸೆ ಕೇಂದ್ರ 1892ರಿಂದ 1954ರವರೆಗೆ ನಡೆಯಿತು, 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಂದ ಒಳಗೆ ಹೋದರು. ಆದರೆ ಅಲ್ಲಿನ ಅಧಿಕಾರಿಗಳು ಹೆಸರು ಹೊಸದಾಗಿ ಬರೆಯುತ್ತಿರಲಿಲ್ಲ. ಹಡಗು ಹೊರಟ ಬಂದರಿನಿಂದ ಬಂದ ಪಟ್ಟಿಗೆ ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡಿದ್ದು ಹೆಚ್ಚಾಗಿ ಆ ಜನರೇ, ಆಮೇಲೆ, ಕೆಲಸಕ್ಕೋ ಸೇರಿಕೊಳ್ಳುವುದಕ್ಕೋ. ಅದನ್ನು ಮಕ್ಕಳಿಗೆ ಹೇಳುವುದಕ್ಕಿಂತ ಅಧಿಕಾರಿಯ ಮೇಲೆ ಹಾಕುವುದು ಸುಲಭ ಅನ್ನಿಸಿರಬೇಕು.

ಹೆಸರಿನ ಬಗ್ಗೆ ಇನ್ನೊಂದು ಮಾತು. ಮನೆತನದ ಹೆಸರು ಅನಾದಿಕಾಲದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಎಲ್ಲರಿಗೂ ಅದು ಕಡ್ಡಾಯವಾಗಿದ್ದು 1875ರಲ್ಲಿ, ಟರ್ಕಿಯಲ್ಲಿ 1934ರ ಕಾನೂನಿನಿಂದ. ಅಂಥ ಕಡೆ ‘ಐನೂರು ವರ್ಷದಿಂದ ಇದೇ ಹೆಸರು’ ಅಂದರೆ ಅನುಮಾನ ಪಡಬೇಕು.

ಮೂರನೆಯದು ರಾಜವಂಶದ ರಕ್ತ. ಇಲ್ಲಿ ಲೆಕ್ಕ ಸ್ವಾರಸ್ಯವಾಗಿದೆ. ಪ್ರತಿ ತಲೆಮಾರಿಗೂ ಪೂರ್ವಜರ ಜಾಗ ಎರಡರಷ್ಟಾಗುತ್ತದೆ. ಹತ್ತು ತಲೆಮಾರು ಮೇಲೆ 1,024. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ ನೂರು ಕೋಟಿ ದಾಟುತ್ತದೆ, ಅಷ್ಟು ಜನ ಆಗ ಭೂಮಿ ಮೇಲೇ ಇರಲಿಲ್ಲ. ಅಂದರೆ ಒಬ್ಬರೇ ಪೂರ್ವಜರು ಹಲವು ದಾರಿಗಳಿಂದ ನಮಗೆ ಪೂರ್ವಜರಾಗಿದ್ದಾರೆ. ಹಾಗಾಗಿ ಎಲ್ಲೋ ಒಬ್ಬ ರಾಜ ನಿಮ್ಮ ಪೂರ್ವಜರಲ್ಲಿ ಇರಬಹುದು. ಅವನ ಕುದುರೆ ನೋಡಿಕೊಂಡವರು, ಅವನ ಬಟ್ಟೆ ಒಗೆದವರು, ಅವನಿಂದ ಸೋತವರೂ ಇರಬಹುದು. ತಲೆಮಾರು ತಲೆಮಾರಾಗಿ ಆಧಾರ ಕೊಡಲು ಆಗುತ್ತದಾ ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಹಂತ 7: ಒಂದೇ ಹೆಸರಿನ ಇಬ್ಬರನ್ನು ಒಬ್ಬರು ಅಂದುಕೊಳ್ಳಬೇಡಿ

ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುತ್ತದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುತ್ತಾರೆ. ಹೆಸರು ಹೊಂದಿದರೆ ಸಾಲದು. ಹೆಂಡತಿ, ಕಸುಬು, ಜಮೀನು, ಸಹಿ, ವಯಸ್ಸು, ಇವುಗಳಲ್ಲಿ ಎರಡು ಮೂರಾದರೂ ಹೊಂದಬೇಕು. ಅನುಮಾನ ಇದ್ದರೆ ಇಬ್ಬರಿಗೂ ಬೇರೆ ಹಾಳೆ ಇಟ್ಟು ವರ್ಷವಾರು ಬರೆಯಿರಿ. ಒಬ್ಬ ಸತ್ತ ಮೇಲೂ ‘ಅವನೇ’ ತೆರಿಗೆ ಕಟ್ಟುತ್ತಿದ್ದರೆ ಇಬ್ಬರಿದ್ದಾರೆ ಅಂತ ಗೊತ್ತಾಗುತ್ತದೆ.

ಇಂಟರ್ನೆಟ್ಟಿನ ಸಿದ್ಧ ವಂಶವೃಕ್ಷಗಳನ್ನು ಸುಳಿವಿಗೆ ಮಾತ್ರ ಬಳಸಿ. ನಲವತ್ತು ಕಡೆ ಒಂದೇ ಮಾಹಿತಿ ಕಂಡರೆ ನಲವತ್ತು ಜನ ಒಂದೇ ತಪ್ಪನ್ನು ನಕಲು ಮಾಡಿರಬಹುದು. ಫ್ಯಾಮಿಲಿಸರ್ಚ್‌ನಂಥ ಉಚಿತ ತಾಣಗಳಲ್ಲಿ ಮೂಲ ಪುಟಗಳ ಚಿತ್ರಗಳೇ ಸಿಗುತ್ತವೆ. ಪಟ್ಟಿ ಓದಿ ನಿಲ್ಲಿಸಬೇಡಿ, ಚಿತ್ರ ತೆರೆದು ಅಕ್ಷರವನ್ನು ನೀವೇ ಓದಿ. ಯುದ್ಧದಲ್ಲಿ ಸತ್ತವರನ್ನು ಹುಡುಕುವುದಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರುಗಳಿವೆ.

ಹಂತ 8: ಡಿಎನ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಕಥೆ ಇಲ್ಲಿ ತುಂಬಾ ಕಲಿಸುತ್ತದೆ. ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಗ ಮ್ಯಾಡಿಸನ್, ಜೆಫರ್ಸನ್ನರೇ ತನ್ನ ತಂದೆ ಅಂತ 1873ರಲ್ಲಿ ಪತ್ರಿಕೆಗೆ ಹೇಳಿದ್ದ. ಜೆಫರ್ಸನ್ನರ ಮೊಮ್ಮಕ್ಕಳು ಒಪ್ಪಲಿಲ್ಲ. ಆ ಮಕ್ಕಳ ತಂದೆ ಜೆಫರ್ಸನ್ನರ ತಂಗಿಯ ಮಕ್ಕಳಾದ ಕಾರ್ ಸೋದರರಲ್ಲಿ ಒಬ್ಬ ಅಂದರು. ವುಡ್ಸನ್ ಅನ್ನುವ ಇನ್ನೊಂದು ಕುಟುಂಬವೂ ತಾವು ಜೆಫರ್ಸನ್ನರ ಸಂತಾನ ಅಂತ ತಲೆಮಾರುಗಳಿಂದ ಹೇಳಿಕೊಂಡು ಬಂದಿತ್ತು.

1998ರಲ್ಲಿ ವೈ ಕ್ರೋಮೋಸೋಮ್ ಪರೀಕ್ಷೆಯಾಯಿತು. ಇದು ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವಂಥದ್ದು. ಸ್ಯಾಲಿಯ ಕಿರಿಮಗ ಎಸ್ಟನ್ ಅವರ ವಂಶದ ಗಂಡಸಿನದು ಜೆಫರ್ಸನ್ನರ ದೊಡ್ಡಪ್ಪನ ವಂಶದವರ ಜೊತೆ ಹೊಂದಿತು. ಕಾರ್ ವಂಶದ್ದು ಹೊಂದಲಿಲ್ಲ. ವುಡ್ಸನ್ ವಂಶದ್ದೂ ಹೊಂದಲಿಲ್ಲ. ಮೂರು ಮನೆತನದ ಮಾತು, ಒಂದೇ ನಿಂತಿತು. ಆದರೂ ಡಿಎನ್‌ಎ ಒಂದೇ ಸಾಕಾಗಲಿಲ್ಲ. ಅದು ‘ಜೆಫರ್ಸನ್ ವಂಶದ ಒಬ್ಬ ಗಂಡಸು’ ಅಂತಷ್ಟೇ ಹೇಳಬಲ್ಲದು. ಸ್ಯಾಲಿಯ ಪ್ರತಿ ಮಗು ಹುಟ್ಟುವ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ ಮನೆಯಲ್ಲೇ ಇದ್ದರು ಅನ್ನುವುದು ಅವರದೇ ಕಾಗದಪತ್ರಗಳಿಂದ ಗೊತ್ತಾಗುತ್ತದೆ. ಎರಡನ್ನೂ ಸೇರಿಸಿ ನೋಡಿದಾಗ ಮ್ಯಾಡಿಸನ್ ಹೇಳಿದ್ದು ಗಟ್ಟಿಯಾಯಿತು. ಅಧಿಕಾರವಿದ್ದವರು ಬರೆದಿಟ್ಟಿದ್ದು ಸೋತಿತು, ಗುಲಾಮರ ಬಾಯಿಮಾತು ಗೆದ್ದಿತು. ‘ಬರೀ ಬಾಯಿಮಾತು’ ಅಂತ ಯಾರಾದರೂ ತಳ್ಳಿಹಾಕಿದಾಗ ನನಗೆ ಇದು ನೆನಪಾಗುತ್ತದೆ.

ನಿಮ್ಮ ಪರೀಕ್ಷೆಯ ಫಲಿತಾಂಶ ಬಂದಾಗ ‘ಇಂಥ ಪ್ರದೇಶ ಇಷ್ಟು ಪರ್ಸೆಂಟ್’ ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಅದು ಈಗಿನ ಜನರ ಮಾದರಿಗಳ ಜೊತೆ ಹೋಲಿಸಿದ ಅಂದಾಜು, ಕಂಪನಿ ಲೆಕ್ಕ ಬದಲಿಸಿದಾಗ ಅದೂ ಬದಲಾಗುತ್ತದೆ. ಬೆಲೆ ಇರುವುದು ನೆಂಟರ ಹೊಂದಾಣಿಕೆಗೆ. ಅಲ್ಲೂ ಮಿತಿ ಇದೆ. ಮುತ್ತಜ್ಜನಿಂದ ನಮಗೆ ಬರುವುದು ಸರಾಸರಿ ಶೇ. 12.5. ಮುತ್ತಜ್ಜನ ಅಜ್ಜ ಅಜ್ಜಿ ಒಂದೇ ಆಗಿರುವ ಇಬ್ಬರು ನೆಂಟರಲ್ಲಿ ಸುಮಾರು ಅರ್ಧ ಸಲ ಪರೀಕ್ಷೆಯಲ್ಲಿ ಹೊಂದಾಣಿಕೆಯೇ ಕಾಣುವುದಿಲ್ಲ. ಹೊಂದಲಿಲ್ಲ ಅಂದರೆ ನೆಂಟಸ್ತನ ಸುಳ್ಳು ಅಂತಲ್ಲ.

ಪರೀಕ್ಷೆಗೆ ಮೊದಲು ಮನೆಯವರ ಜೊತೆ ಮಾತಾಡಿ. ನದಿ ಮೂಲ, ಋಷಿ ಮೂಲ ಹುಡುಕಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮೂರನೇ ರಿಚರ್ಡ್ ದೊರೆಯ ಅಸ್ಥಿಪಂಜರ ಸಿಕ್ಕಿತು. ತಾಯಿಯ ಕಡೆಯ ಡಿಎನ್‌ಎ ಅವನ ಅಕ್ಕನ ವಂಶದವರ ಜೊತೆ ಹೊಂದಿತು. ಆದರೆ ತಂದೆಯ ಕಡೆಯದು ಅದೇ ರಾಜವಂಶದವರು ಅಂತ ದಾಖಲೆ ಇದ್ದ ಈಗಿನ ಗಂಡಸರ ಜೊತೆ ಹೊಂದಲಿಲ್ಲ. ಎಲ್ಲೋ ಒಂದು ತಲೆಮಾರಿನಲ್ಲಿ ಕಾಗದದ ಮೇಲಿನ ತಂದೆ ಬೇರೆ, ಹೆತ್ತ ತಂದೆ ಬೇರೆ. ಅರಮನೆಯಲ್ಲೇ ಹೀಗಾಗಿದ್ದರೆ ನಮ್ಮ ಮನೆಗಳಲ್ಲಿ ಆಗಿರಬಾರದಾ? ಅಂಥದ್ದು ಹೊರಬಂದಾಗ ಬದುಕಿರುವವರಿಗೆ ನೋವಾಗುತ್ತದೆ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅಂತ ಮೊದಲೇ ಯೋಚಿಸಿ. ಇತಿಹಾಸಕ್ಕಿಂತ ಎದುರಿಗೆ ಕೂತಿರುವ ಮನುಷ್ಯರು ದೊಡ್ಡವರು.

ಹಂತ 9: ತೀರ್ಮಾನ ಬರೆಯಿರಿ, ಕಥೆಯನ್ನೂ ಉಳಿಸಿ

ಪ್ರತಿ ಮಾತಿನ ಮುಂದೆ ನಾನು ನಾಲ್ಕರಲ್ಲಿ ಒಂದು ಗುರುತು ಹಾಕುತ್ತೇನೆ: ಆಧಾರ ಇದೆ, ಇರಬಹುದು, ಗೊತ್ತಿಲ್ಲ, ಆಧಾರ ವಿರುದ್ಧವಾಗಿದೆ. ಜೊತೆಗೆ ಯಾಕೆ ಅಂತ ಎರಡು ಸಾಲು. ಒಂದಕ್ಕೊಂದು ಹೊಂದದ ಆಧಾರ ಸಿಕ್ಕಿದ್ದರೆ ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಹತ್ತು ವರ್ಷದ ನಂತರ ಓದುವವರು ನನ್ನ ತಪ್ಪನ್ನು ಹಿಡಿಯಲು ಆಗಬೇಕು.

ಮೂಲ ಕಥೆಯನ್ನು ಅಳಿಸಬೇಡಿ. ಹೇಳಿದವರ ಹೆಸರು, ಹೇಳಿದ ದಿನ, ಅವರದೇ ಮಾತಿನಲ್ಲಿ ಬೇರೆ ಪುಟದಲ್ಲಿ ಇಡಿ. ಮನೆಯವರು ಏನನ್ನು ನೆನಪಿಡಲು ಬಯಸಿದರು ಅನ್ನುವುದೂ ಇತಿಹಾಸವೇ. ನಮ್ಮ ಮನೆಯವರಿಗೆ ಯುದ್ಧಕ್ಕೆ ಹೋದವರು ಕುದುರೆ ಮೇಲೆ ಬೇಕಿತ್ತು, ಹೊರೆ ಹೊತ್ತವರು ಬೇಡವಾಗಿದ್ದರು.

ಇದನ್ನು ಅತ್ತೆಗೆ ಹೇಳಲು ನನಗೆ ಧೈರ್ಯ ಬರಲು ಕೆಲವು ತಿಂಗಳು ಹಿಡಿಯಿತು. ಕೊನೆಗೆ ಪದಕವನ್ನು ಅವರ ಕೈಗೆ ಕೊಟ್ಟು, ಭೂತಗನ್ನಡಿ ಹಿಡಿದು, ಅಂಚಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದೆ. ಕಂಚು ಯಾಕೆ ಅಂತಲೂ ಹೇಳಿದೆ. ಅತ್ತೆ ಸುಮ್ಮನಿದ್ದರು. ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ಇದ್ದರು.

‘ಹಾಗಾದ್ರೆ ಅದಕ್ಕೇ ಇರಬೇಕು ಕಣೋ’ ಅಂದರು. ‘ಅವರ ಎಡ ಭುಜದ ಮೇಲೆ ಕೈ ಇಟ್ಟರೆ ಕಲ್ಲಿನ ಹಾಗಿರುತ್ತಿತ್ತಂತೆ. ಆ ಮಗ್ಗುಲಿಗೆ ಮಲಗೋಕೇ ಆಗ್ತಿರಲಿಲ್ಲವಂತೆ. ಅಪ್ಪ ಹೇಳ್ತಿದ್ರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ.’

ಅಷ್ಟು ವರ್ಷದಲ್ಲಿ ಅತ್ತೆ ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ರಾಜನ ಕಥೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಾನು ನೋಟ್‌ಬುಕ್ ತೆರೆದು ಬರೆದುಕೊಂಡೆ: ‘ಎಡ ಭುಜ ಗಟ್ಟಿಯಾಗಿತ್ತಂತೆ. ಅತ್ತೆ ಹೇಳಿದ್ದು. ಅವರಿಗೆ ಅವರ ಅಪ್ಪ ಹೇಳಿದ್ದು.’ ಕೆಳಗೆ ಆ ದಿನದ ತಾರೀಖು ಹಾಕಿದೆ.